ಪ್ರೋಟೀನ್ ಪುಡಿಗೆ ನೀರೋ, ಹಾಲೋ, ಮಜ್ಜಿಗೆಯೋ? ಹಾಸನದ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮಜ್ಜಿಗೆ ಹುರಿಹಿಟ್ಟಿನ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಹೊಲಕ್ಕೆ ಹೋಗುವವರಿಗೆ ಮಜ್ಜಿಗೆ, ಉಪ್ಪು. ಮಕ್ಕಳಿಗೆ ಹಾಲು, ಬೆಲ್ಲ. ಹುಷಾರಿಲ್ಲದವರಿಗೆ ಬಿಸಿನೀರಲ್ಲಿ ತೆಳ್ಳಗೆ. ಹಿಟ್ಟು ಒಂದೇ. ಯಾವುದರಲ್ಲಿ ಕಲಸಬೇಕು ಅನ್ನೋದನ್ನ ಮಾತ್ರ ಅಜ್ಜಿ ಕುಡಿಯುವವರ ಮುಖ ನೋಡಿ ತೀರ್ಮಾನ ಮಾಡುತ್ತಿದ್ದರು.

ಈಗ ನಮ್ಮ ಮನೆಯಲ್ಲಿ ಹುರಿಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ಕೂತಿದೆ. ಈ ಡಬ್ಬ ಕೊಳ್ಳುವಾಗ ಹದಿನೈದು ದಿನ ವಿಚಾರಿಸುತ್ತೇವೆ. ಯಾವ ಕಂಪನಿ, ಯಾವ ಫ್ಲೇವರ್, ಒರಿಜಿನಲ್ಲಾ ಡುಪ್ಲಿಕೇಟಾ. ಮನೆಗೆ ತಂದ ಮೇಲೆ ಕೈಗೆ ಸಿಕ್ಕಿದ್ದನ್ನು ಸುರಿದು ಅಲ್ಲಾಡಿಸಿ ಕುಡಿಯುತ್ತೇವೆ. ಆಮೇಲೆ ಹೊಟ್ಟೆ ಉಬ್ಬರಿಸಿದರೂ ಬೈಗುಳ ಪುಡಿಗೆ, ತೂಕ ಇಳಿಯದಿದ್ದರೂ ಪುಡಿಗೆ, ಗಂಟು ಕಟ್ಟಿದರೂ ಪುಡಿಗೇ. ನಾನು ಕಂಡ ಮಟ್ಟಿಗೆ ಬಹಳ ಸಲ ತಪ್ಪು ಇರುವುದು ಅದಕ್ಕೆ ಸುರಿದ ಹಾಲಿನಲ್ಲೋ ಜ್ಯೂಸಿನಲ್ಲೋ.

ಮೊದಲು ಡಬ್ಬದ ಹಿಂಬದಿ ಓದಿ

ಮುಂಭಾಗದ ಚಿತ್ರ ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಯಾವ ಪ್ರೋಟೀನ್ ಅಂತ ಬರೆದಿರುತ್ತದೆ.

ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸೀನ್, 20 ಭಾಗ ವೇ. ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವುದು ಕೇಸೀನ್, ತಿಳಿನೀರಿನಲ್ಲಿ ಉಳಿಯುವುದು ವೇ. ವೇ ಪುಡಿಯಲ್ಲೂ ಎರಡು ಬಗೆ ಸಾಮಾನ್ಯ. ಕಾನ್ಸೆಂಟ್ರೇಟ್ ಅಂದರೆ ಹೆಚ್ಚಾಗಿ 80 ಶೇಕಡಾದಷ್ಟು ಪ್ರೋಟೀನ್, ಜೊತೆಗೆ ಸ್ವಲ್ಪ ಕೊಬ್ಬು, ಸ್ವಲ್ಪ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. ಐಸೊಲೇಟ್ ಅಂದರೆ 90 ಶೇಕಡಾ ಆಸುಪಾಸು, ಲ್ಯಾಕ್ಟೋಸ್ ಇಲ್ಲ ಅನ್ನುವಷ್ಟು ಕಮ್ಮಿ. ಬಟಾಣಿ, ಸೋಯಾ, ಅಕ್ಕಿಯಿಂದ ಮಾಡಿದ ಪುಡಿಗಳಲ್ಲಿ ಲ್ಯಾಕ್ಟೋಸ್ ಪ್ರಶ್ನೆಯೇ ಇಲ್ಲ, ಆದರೆ ನಾಲಿಗೆಗೆ ಮರಳು ಮರಳು ಎನಿಸುತ್ತದೆ. ಅವಕ್ಕೆ ನೀರೂ ಜಾಸ್ತಿ ಬೇಕು, ನೆನೆಯಲು ಸಮಯವೂ ಬೇಕು. ಬರೀ ಕೇಸೀನ್ ಪುಡಿಯಾದರೆ ಐದು ನಿಮಿಷದಲ್ಲಿ ಗಂಜಿಯಂತೆ ಮಂದವಾಗುತ್ತದೆ.

ಹಾಲು ಅಲರ್ಜಿ ಇದ್ದವರಿಗೆ ವೇ ಬೇಡವೇ ಬೇಡ, ನೀರಿನಲ್ಲಿ ಕಲಸಿದರೂ ಬೇಡ. ಲ್ಯಾಕ್ಟೋಸ್ ಆಗದಿರುವುದು ಬೇರೆ, ಅಲರ್ಜಿ ಬೇರೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಡಬ್ಬ ತೆರೆಯಬಾರದು.

ಅಂದಹಾಗೆ, ಪುಡಿ ಬೇಕೇ ಬೇಕಾ ಎನ್ನುವುದು ಬೇರೆಯದೇ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕೆಜಿ ಇದ್ದರೆ 50 ಗ್ರಾಂ. ಮೈ ಬೆಳೆಸಲು ಪ್ರೋಟೀನ್ ಪುಡಿಯನ್ನು ನೆಚ್ಚಿಕೊಳ್ಳಬೇಡಿ ಅಂತಲೇ 2024ರ ಅವರ ಆಹಾರ ಮಾರ್ಗಸೂಚಿ ಹೇಳುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ ನಿಜ. ಹುರುಳಿ ಬಸ್ಸಾರು, ಅವರೆಕಾಳು, ಮೊಟ್ಟೆ, ಮೊಸರಿನಲ್ಲಿ ಎಷ್ಟು ಬಂತು ನೋಡಿಕೊಂಡು, ಉಳಿದ ಕೊರತೆಗೆ ಮಾತ್ರ ಪುಡಿ ಅಂತ ನಾನು ಇಟ್ಟುಕೊಂಡಿದ್ದೇನೆ.

ಯಾಕೆ ಕುಡಿಯುತ್ತಿದ್ದೀರಿ ಅಂತ ಒಂದು ಸಾಲು ಬರೆದುಕೊಳ್ಳಿ

ತೂಕ ಇಳಿಸಲಿಕ್ಕಾ? ತೂಕ ಏರಿಸಲಿಕ್ಕಾ? ಬೆಳಗ್ಗೆ ತಿಂಡಿ ತಪ್ಪುತ್ತದೆ ಅಂತಲಾ? ಉತ್ತರ ಬದಲಾದರೆ ಲೋಟದೊಳಗಿನದೂ ಬದಲಾಗಬೇಕು.

ಲೆಕ್ಕ ನೋಡಿ. ಒಂದು ಸ್ಕೂಪ್, ಅಂದರೆ ಡಬ್ಬದಲ್ಲಿ ಬರುವ ಅಳತೆ ಚಮಚದಷ್ಟು ವೇ, ಸುಮಾರು 120 ಕ್ಯಾಲೊರಿ. ನೀರಿನಲ್ಲಿ ಕಲಸಿದರೆ ಅಷ್ಟೇ. 250 ಮಿಲಿ ಟೋನ್ಡ್ ಹಾಲು ಸೇರಿದರೆ ಮೇಲೆ ಇನ್ನೊಂದು 150 ಬಂತು. ಡಬಲ್ ಟೋನ್ಡ್ ಆದರೆ 120ರ ಹತ್ತಿರ. ಫುಲ್ ಕ್ರೀಮ್ ಆದರೆ 215ರ ಮೇಲೆ. ದಿನಕ್ಕೆ ಎರಡು ಸಲ ಫುಲ್ ಕ್ರೀಮ್ ಹಾಲಿನಲ್ಲಿ ಕುಡಿಯುವವರು ನೀರಿನಲ್ಲಿ ಕುಡಿಯುವವರಿಗಿಂತ 430 ಕ್ಯಾಲೊರಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಸಣಕಲು ಹುಡುಗನಿಗೆ ಅದು ವರ. ಹೊಟ್ಟೆ ಕರಗಿಸಲು ಮಹಾರಾಜ ಪಾರ್ಕಿನಲ್ಲಿ ಸುತ್ತು ಹೊಡೆಯುವವರಿಗೆ ನಡೆದದ್ದೆಲ್ಲ ವಾಪಸ್.

ನೀರು

ಒಂದು ಸ್ಕೂಪ್, ಅಂದರೆ 30ರಿಂದ 35 ಗ್ರಾಂ ಪುಡಿಗೆ 200ರಿಂದ 250 ಮಿಲಿ. ಕಾಯಿಸಿ ಆರಿಸಿದ ನೀರು, ಇಲ್ಲವೇ ಫಿಲ್ಟರ್ ನೀರು. ರುಚಿ ಪೇಲವ, ಅದನ್ನು ಒಪ್ಪಿಕೊಳ್ಳಲೇಬೇಕು. ಐಸ್ ನೀರಿನಲ್ಲಿ ಪುಡಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ಸಾಮಾನ್ಯ ನೀರಿನಲ್ಲಿ ಕಲಸಿ, ಕೊನೆಗೆ ಐಸ್ ಹಾಕಿ. ಮಂದವಾಗಿರಬೇಕು ಅನಿಸಿದರೆ ಒಂದು ಏಲಕ್ಕಿ ಬಾಳೆಹಣ್ಣು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಹಾಲಿನ ಹದ ಬರುತ್ತದೆ, ಹಾಲಿನ ಖರ್ಚಿಲ್ಲ.

ಹಾಲು: ನಮ್ಮೂರಿನ ಮೊದಲ ಆಯ್ಕೆ, ಮೊದಲ ತಗಾದೆಯೂ ಇದೇ

ಹಾಲು ಒಕ್ಕೂಟದ ಊರು ನಮ್ಮದು. ಹಾಲು ಬೇಡ ಅಂದರೆ ಮನೆಯಲ್ಲಿ ಅನುಮಾನದಿಂದ ನೋಡುತ್ತಾರೆ. ಹಾಲಿಗೆ ತನ್ನ ತೂಕವೂ ಇದೆ. 250 ಮಿಲಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್, ಕ್ಯಾಲ್ಸಿಯಂ ಬೇರೆ. ಕೇಸೀನ್ ನಿಧಾನಕ್ಕೆ ಜೀರ್ಣವಾಗುವುದರಿಂದ ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ತಿಂಡಿಯ ಬದಲು ಕುಡಿಯುವುದಾದರೆ ನನ್ನ ಓಟು ಹಾಲಿಗೇ.

ಯಾವ ಹಾಲು ಅನ್ನೋದು ಪ್ಯಾಕೆಟ್ಟಿನ ಮೇಲೇ ಇರುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್, ಕೊಬ್ಬು 3 ಶೇಕಡಾ. ಡಬಲ್ ಟೋನ್ಡ್ ಅಂದರೆ 1.5, ಸ್ಟ್ಯಾಂಡರ್ಡೈಸ್ಡ್ 4.5, ಫುಲ್ ಕ್ರೀಮ್ 6. ಪ್ರೋಟೀನ್ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ದುಡ್ಡು ಜಾಸ್ತಿ ಕೊಟ್ಟರೆ ಸಿಗುವುದು ಜಾಸ್ತಿ ಕೊಬ್ಬು ಅಷ್ಟೇ. ಕರೆದ ಹಸುವಿನ ಹಾಲು ತರುವವರು ಉಕ್ಕಿಸಿ, ಆರಿಸಿ, ಕೆನೆ ತೆಗೆದು ಬಳಸಿ. ಹಸಿ ಹಾಲಿನಲ್ಲಿ ಕಲಸಿದರೆ ಶಕ್ತಿ ಜಾಸ್ತಿ ಎನ್ನುವ ಮಾತು ಜಿಮ್ಮುಗಳಲ್ಲಿ ಈಗಲೂ ಓಡಾಡುತ್ತಿದೆ. ನಂಬಬೇಡಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳೇ ಬರಬಹುದು. ಟೆಟ್ರಾ ಪ್ಯಾಕ್ ಹಾಲನ್ನು ಮಾತ್ರ ಕಾಯಿಸುವ ಅಗತ್ಯವಿಲ್ಲ.

ಈಗ ತಗಾದೆಗೆ ಬರೋಣ. ನನ್ನ ಚಿಕ್ಕಪ್ಪನ ಮಗ ಒಂದೇ ವರ್ಷದಲ್ಲಿ ಮೂರು ಡಬ್ಬ ಬದಲಾಯಿಸಿದ. ಕುಡಿದ ಒಂದು ಗಂಟೆಗೆ ಹೊಟ್ಟೆ ತಮಟೆ. ಆಫೀಸಿನಲ್ಲಿ ಪಕ್ಕದವರ ಜೊತೆ ಕೂರೋದಕ್ಕೂ ಮುಜುಗರ. "ಅಕ್ಕ, ಇದೂ ಡುಪ್ಲಿಕೇಟೇ ಇರಬೇಕು" ಅಂತ ಮೂರನೇ ಡಬ್ಬವನ್ನು ನಮ್ಮ ಮನೆಗೆ ತಂದಿಟ್ಟ. ನಾನು ಕೇಳಿದ್ದು ಒಂದೇ. "ಯಾವುದರಲ್ಲಿ ಕಲಸ್ತೀಯ?" ಮೂರು ಡಬ್ಬಕ್ಕೂ ಅರ್ಧ ಲೀಟರ್ ಹಾಲು! ಅದರಲ್ಲೇ ಸುಮಾರು 24 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ವಯಸ್ಸಿಗೆ ಬಂದ ಮೇಲೆ ಕಮ್ಮಿಯಾಗುವುದು ದಕ್ಷಿಣ ಭಾರತದಲ್ಲಿ ತೀರಾ ಸಾಮಾನ್ಯ. ಕಾಫಿಗೆ ಹಾಕುವ ಎರಡು ಚಮಚ ಹಾಲು ತಡೆಯುವ ಹೊಟ್ಟೆ ಅರ್ಧ ಲೀಟರನ್ನು ತಡೆಯಬೇಕು ಅಂತೇನಿಲ್ಲ.

ನಿಮಗೂ ಹೀಗಾಗುತ್ತಿದ್ದರೆ ಡಬ್ಬ ಬದಲಾಯಿಸುವ ಮೊದಲು ಒಂಬತ್ತು ದಿನದ ಈ ಪರೀಕ್ಷೆ ಮಾಡಿ. ಮೊದಲ ಮೂರು ದಿನ ಅದೇ ಪುಡಿ, ಬರೀ ನೀರು. ಮುಂದಿನ ಮೂರು ದಿನ ಪುಡಿಯಿಲ್ಲದೆ ಬರೀ ಹಾಲು, ಎಷ್ಟು ಕುಡಿಯುತ್ತಿದ್ದಿರೋ ಅಷ್ಟೇ. ಕೊನೆಯ ಮೂರು ದಿನ ಎರಡೂ ಸೇರಿಸಿ. ಕುಡಿಯುವ ಹೊತ್ತು ಒಂದೇ ಇರಲಿ, ಮಧ್ಯದಲ್ಲಿ ಹೊಸದೇನೂ ಸೇರಿಸಬೇಡಿ. ನೀರಿನ ದಿನಗಳಲ್ಲಿ ಹೊಟ್ಟೆ ಸುಮ್ಮನಿದ್ದು ಹಾಲಿನ ದಿನಗಳಲ್ಲಿ ಗುಡುಗಿದರೆ ತಪ್ಪು ಹಾಲಿನದು. ನೀರಿನಲ್ಲೂ ಉಬ್ಬರಿಸಿದರೆ ಪುಡಿಯಲ್ಲಿರುವ ಲ್ಯಾಕ್ಟೋಸ್ ಇರಬಹುದು, ಸಿಹಿಗೆ ಹಾಕಿದ ಬೇರೆ ಪದಾರ್ಥವೂ ಇರಬಹುದು. ಆಗ ಐಸೊಲೇಟ್ ಕಡೆ ನೋಡಿ. ನಮ್ಮ ಹುಡುಗನಿಗೆ ನೀರಿನಲ್ಲಿ ಏನೂ ಆಗಲಿಲ್ಲ. ಮೂರು ಡಬ್ಬದ ದುಡ್ಡು ಮಾತ್ರ ಹೋಗಿತ್ತು.

ಮಜ್ಜಿಗೆ

ಇದನ್ನು ನಾನು ಸುಮ್ನೆ ಹಠಕ್ಕೆ ಮಾಡಿ ನೋಡಿದ್ದು. ಮೊದಲ ಸಲ ಮನೆಯಲ್ಲಿದ್ದ ಚಾಕೊಲೇಟ್ ಪುಡಿಯನ್ನೇ ಹಾಕಿದೆ. ಹುಳಿ ಚಾಕೊಲೇಟ್, ಮೇಲೆ ಇಂಗಿನ ಪರಿಮಳ. ಒಂದು ಗುಟುಕು ಬಾಯಲ್ಲಿಟ್ಟು ಸಿಂಕಿನ ಕಡೆ ಓಡಿದೆ.

ಫ್ಲೇವರ್ ಇಲ್ಲದ ಪುಡಿ ಹಾಕಿದರೆ ಕಥೆಯೇ ಬೇರೆ. ಒಂದು ಭಾಗ ಮೊಸರಿಗೆ ಮೂರು ಭಾಗ ನೀರು ಹಾಕಿ ಕಡೆಯಿರಿ. ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಹಾಕಿ ಸೋಸಿ. 250 ಮಿಲಿಗೆ ಅರ್ಧ ಸ್ಕೂಪ್ ಸಾಕು, ಪೂರ್ತಿ ಹಾಕಿದರೆ ನೊರೆ ಜಾಸ್ತಿ. ಮೊಸರಾಗುವಾಗ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ತಿಂದುಬಿಟ್ಟಿರುತ್ತದೆ. ಮೇಲೆ ನಾವು ನೀರು ಬೆರೆಸಿರುತ್ತೇವೆ. ಹಾಗಾಗಿ ಹಾಲು ಒಗ್ಗದವರಲ್ಲಿ ತುಂಬಾ ಜನಕ್ಕೆ ಮಜ್ಜಿಗೆ ಒಗ್ಗುತ್ತದೆ. ಹುಳಿಗೆ ವೇ ಒಡೆಯುವುದಿಲ್ಲ. ಹುಳಿಗೆ ಹೆಪ್ಪುಗಟ್ಟುವುದು ಕೇಸೀನ್, ಅದು ಮೊಸರಾಗುವಾಗಲೇ ಆಗಿಹೋಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಶೇಕ್ ನಾನು ಕುಡಿದಿಲ್ಲ. ಒಂದು ಚಮಚ ಹುರಿಹಿಟ್ಟನ್ನೂ ಸೇರಿಸಬಹುದು. ರಾಗಿಯನ್ನು ಅರಳಿಸಿಯೇ ಬೀಸಿರುವುದರಿಂದ ಮತ್ತೆ ಬೇಯಿಸಬೇಕಿಲ್ಲ.

ಕಾಫಿ, ಮತ್ತು ಬಿಸಿಯದ್ದು ಕುಡಿಯಲೇಬೇಕು ಅನ್ನುವವರಿಗೆ

ಡಿಸೆಂಬರಿನಲ್ಲಿ ಬೆಳಗ್ಗೆ ಆರು ಗಂಟೆಗೆ ಹಾಸನಾಂಬ ಕ್ರೀಡಾಂಗಣದಲ್ಲಿ ಓಡಿ ಬಂದವರಿಗೆ ತಣ್ಣಗಿನ ಶೇಕ್ ಕೊಟ್ಟು ನೋಡಿ. ಲೋಟ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಬಿಸಿ ಬೇಕೇ ಬೇಕು. ಪುಡಿ ಕೆಡುವುದೂ ಇಲ್ಲಿಯೇ.

ನಾನೂ ಕೆಡಿಸಿದ್ದೇನೆ. ಆಗ ತಾನೇ ಉಕ್ಕಿದ ಹಾಲನ್ನು ನೇರವಾಗಿ ಪುಡಿಯ ಮೇಲೆ ಸುರಿದೆ. ಕ್ಷಣದಲ್ಲಿ ಗೋಲಿಯಷ್ಟು ದಪ್ಪದ ಗಂಟುಗಳು ಮೇಲೆ ತೇಲಿದವು. ಒಂದನ್ನು ಚಮಚದಲ್ಲಿ ಒತ್ತಿದೆ. ಹೊರಗೆ ರಬ್ಬರಿನಂಥ ಸಿಪ್ಪೆ, ಒಳಗೆ ಒಣ ಪುಡಿ ಹಾಗೇ ಇತ್ತು. ಅಮ್ಮ ಬಗ್ಗಿ ನೋಡಿ, "ರಾಗಿ ಹಿಟ್ಟನ್ನ ಕುದಿಯೋ ನೀರಿಗೆ ಸುರಿದ ಹಾಗೆ ಮಾಡಿದ್ದೀಯಲ್ಲೇ" ಅಂದರು.

ಅಮ್ಮ ಹೇಳಿದ್ದೇ ಸರಿ. 70 ಡಿಗ್ರಿ ಹತ್ತಿರ ಹೋದರೆ ವೇ ಪ್ರೋಟೀನ್ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಲು ಶುರುವಾಗುತ್ತದೆ. ಪುಡಿಯ ಹೊರಪದರ ಅಂಟಾಗಿ ಮುಚ್ಚಿಕೊಂಡರೆ ಒಳಕ್ಕೆ ನೀರು ಇಳಿಯುವುದಿಲ್ಲ. ಬಿಸಿ ತಾಗಿದರೆ ಪ್ರೋಟೀನ್ ಸತ್ತುಹೋಗುತ್ತದೆ ಅಂತ ಹೆದರಬೇಡಿ. ಬೇಯಿಸಿದ ಮೊಟ್ಟೆಯಲ್ಲೂ ಪ್ರೋಟೀನ್ ಇದೆ ಅಲ್ವಾ? ಹಾಳಾಗುವುದು ಹದ ಮಾತ್ರ.

ಪರಿಹಾರ ನಮ್ಮ ರಾಗಿ ಗಂಜಿಯಲ್ಲೇ ಇದೆ. ಗಂಜಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುತ್ತೇವೆ. ಇಲ್ಲೂ ಹಾಗೇ. ಒಂದು ಸ್ಕೂಪಿಗೆ 50 ಮಿಲಿ ತಣ್ಣನೆಯ ಹಾಲೋ ನೀರೋ ಹಾಕಿ, ಚಮಚದಲ್ಲಿ ಲೋಟದ ಗೋಡೆಗೆ ಒತ್ತಿ ಒತ್ತಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಬಿಸಿ ಹಾಲನ್ನು ಇಳಿಸಿದ ತಕ್ಷಣ ಹಾಕದೆ ಐದಾರು ನಿಮಿಷ ಬಿಡಿ. ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿಯುವಂತಾದರೆ ಹದ ಬಂತು. ಆಮೇಲೆ ಒಂದು ಕೈಯಲ್ಲಿ ತೆಳ್ಳಗೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಒಂದು ಗಂಟೂ ಉಳಿಯುವುದಿಲ್ಲ. ಕಾಯಿಸಿದ ರಾಗಿ ಗಂಜಿಗೆ ಪುಡಿ ಸೇರಿಸುವುದಿದ್ದರೂ ಇದೇ ಕ್ರಮ, ಪುಡಿ ಕೊನೆಗೆ. ಬಿಸಿಯದ್ದನ್ನು ಶೇಕರಿನಲ್ಲಿ ಮುಚ್ಚಿ ಅಲ್ಲಾಡಿಸಬೇಡಿ. ಒಳಗೆ ಒತ್ತಡ ಏರಿ ಮುಚ್ಚಳ ಹಾರಿದರೆ ಮುಖ ಸುಡುತ್ತದೆ.

ಸಕಲೇಶಪುರ, ಬೇಲೂರು, ಆಲೂರಿನ ತೋಟಗಳ ಪಕ್ಕದಲ್ಲೇ ಇದ್ದುಕೊಂಡು ಕಾಫಿ ಶೇಕ್ ಮಾಡದಿದ್ದರೆ ಹೇಗೆ? ಹಿಂದಿನ ರಾತ್ರಿಯ ಗಟ್ಟಿ ಡಿಕಾಕ್ಷನ್ 50 ಮಿಲಿ ಫ್ರಿಜ್ಜಿನಲ್ಲಿಟ್ಟಿರಿ. ಬೆಳಗ್ಗೆ 150 ಮಿಲಿ ತಣ್ಣನೆಯ ಹಾಲು, ಡಿಕಾಕ್ಷನ್, ಒಂದು ಸ್ಕೂಪ್ ವೆನಿಲಾ ಹಾಕಿ ಅಲ್ಲಾಡಿಸಿ. ಸಕ್ಕರೆ ಬೇಡ, ಪುಡಿಯಲ್ಲೇ ಸಿಹಿ ಇರುತ್ತದೆ. ಚಿಕೋರಿ ಜಾಸ್ತಿ ಇರುವ ಕಾಫಿಪುಡಿಯಾದರೆ ಕಹಿ ಎದ್ದು ಕಾಣುತ್ತದೆ. ಅದಕ್ಕೆ ಚಾಕೊಲೇಟ್ ಫ್ಲೇವರ್ ಹೊಂದುತ್ತದೆ. ಸಂಜೆ ಏಳಕ್ಕೆ ಜಿಮ್ಮಿಗೆ ಹೋಗುವವರು ಮಾತ್ರ ಇದರ ತಂಟೆಗೆ ಹೋಗಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ.

ಎಳನೀರು

ಅರಸೀಕೆರೆ ಕಡೆಯ ಎಳನೀರು ಸಿಗುವಾಗ ಪ್ಯಾಕೆಟ್ಟಿನ ಎನರ್ಜಿ ಡ್ರಿಂಕ್ ಯಾಕೆ? 250 ಮಿಲಿಯಲ್ಲಿ 45ರಿಂದ 50 ಕ್ಯಾಲೊರಿ, ಪೊಟ್ಯಾಸಿಯಂ ಧಾರಾಳ. ಚೆನ್ನಾಗಿ ಬೆವರಿದ ದಿನ ವೆನಿಲಾ ಅಥವಾ ಫ್ಲೇವರ್ ಇಲ್ಲದ ಐಸೊಲೇಟಿಗೆ ಚೆನ್ನಾಗಿ ಹೊಂದುತ್ತದೆ. ಚಾಕೊಲೇಟ್ ಬೇಡ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ, ಹಾಗಾಗಿ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಿ. ಕಾಯಿ ಕೆತ್ತಿದ ಕೂಡಲೇ ಕಲಸಿ ಕುಡಿದುಬಿಡಿ, ಇಟ್ಟರೆ ಹುಳಿಯಾಗುತ್ತದೆ. ಕಿಡ್ನಿ ಸಮಸ್ಯೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಏರಿದರೆ ಅಪಾಯ. ಡಾಕ್ಟರನ್ನು ಕೇಳಿ.

ಉಳಿದವು

ಸೋಯಾ ಹಾಲಿನಲ್ಲಿ ಹಸುವಿನ ಹಾಲಿನಷ್ಟೇ ಹತ್ತಿರ ಹತ್ತಿರ ಪ್ರೋಟೀನ್ ಇದೆ, ಲ್ಯಾಕ್ಟೋಸ್ ಇಲ್ಲ. ಬಾದಾಮಿ ಹಾಲು ಹೆಸರಿಗೆ ದೊಡ್ಡದು. ಅಂಗಡಿಯ ಒಂದು ಲೋಟದಲ್ಲಿ ಪ್ರೋಟೀನ್ ಸುಮಾರು ಒಂದು ಗ್ರಾಂ. ಬಣ್ಣದ ಸಿಹಿ ಬಾದಾಮಿ ಹಾಲಿನಲ್ಲಂತೂ ಸಕ್ಕರೆಯದೇ ಕಾರುಬಾರು. ಕಬ್ಬಿನ ಹಾಲಿನಲ್ಲಿ ವೇ ಕಲಸಿ ಕುಡಿಯುವ ಹುಡುಗರನ್ನು ನೋಡಿದ್ದೇನೆ. ಒಂದು ಲೋಟಕ್ಕೆ 30 ಗ್ರಾಂಗೂ ಮೀರಿ ಸಕ್ಕರೆ ಅದು, ಶುಗರ್ ಇರುವವರು ಹತ್ತಿರವೂ ಹೋಗಬಾರದು. ಕಿತ್ತಳೆ ರಸ ಹಾಕುವುದಾದರೆ ಐಸೊಲೇಟಿನ ಜೊತೆ ಮಾತ್ರ. ಹಾಲು ಸೇರಿಸಿದಿರೋ, ಒಡೆಯಿತು. ಹಸಿ ಅನಾನಸ್, ಪಪ್ಪಾಯಿಯಲ್ಲಿ ಪ್ರೋಟೀನನ್ನು ತುಂಡು ಮಾಡುವ ಕಿಣ್ವಗಳಿವೆ. ಮಿಕ್ಸಿಯಲ್ಲಿ ಹಾಕಿ ಕೂಡಲೇ ಕುಡಿದರೆ ಸರಿ. ಅರ್ಧ ಗಂಟೆ ಇಟ್ಟರೆ ಕಹಿ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ಬಿಡದೆ ಓದಿ

ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ, ಹತ್ತು ನಿಮಿಷಕ್ಕೆ ಹಾಲಿನ ಶೇಕ್ ಕುಡಿಯುವವರು ಎಷ್ಟೋ ಜನ. ಕ್ಯಾಲ್ಸಿಯಂ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಸೋಯಾ ಕೂಡ ಅಡ್ಡ ಬರುತ್ತವೆ. ಕ್ಯಾಲ್ಸಿಯಂ ಇರುವುದಕ್ಕೆ ನಾಲ್ಕು ಗಂಟೆ ಅಂತರ ಕೊಡಿ ಅಂತಲೇ ಸಾಮಾನ್ಯವಾಗಿ ಹೇಳುವುದು. ಶೇಕನ್ನು ಸಂಜೆಗೆ ಇಟ್ಟುಕೊಂಡರೆ ತಲೆನೋವೇ ಇಲ್ಲ. ವ್ಯಾಯಾಮ ಮುಗಿದ ಅರ್ಧ ಗಂಟೆಯಲ್ಲೇ ಕುಡಿಯದಿದ್ದರೆ ದಂಡ ಅನ್ನುವ ಮಾತಿಗೆ ಅಷ್ಟು ಬೆಲೆ ಕೊಡಬೇಕಿಲ್ಲ. ಇಡೀ ದಿನದ ಪ್ರೋಟೀನ್ ಎಷ್ಟಾಯಿತು ಅನ್ನೋದೇ ಮುಖ್ಯ. ಕಬ್ಬಿಣದ ಮಾತ್ರೆಗೂ ಹಾಲು, ಕಾಫಿ ಆಗುವುದಿಲ್ಲ. ಎರಡು ಗಂಟೆ ಬಿಟ್ಟು ಕುಡಿಯಿರಿ.

ಕಲಸುವ ಕ್ರಮ

ಮೊದಲು ನೀರೋ ಹಾಲೋ, ಆಮೇಲೆ ಪುಡಿ. ಉಲ್ಟಾ ಮಾಡಿದರೆ ಶೇಕರಿನ ತಳದ ಮೂಲೆಯಲ್ಲಿ ಪುಡಿ ಕಚ್ಚಿ ಕೂರುತ್ತದೆ, ಕಲಸಲೆಂದು ಶೇಕರಿನೊಳಗೆ ಹಾಕುವ ಸ್ಪ್ರಿಂಗ್ ಚೆಂಡೂ ಅಲ್ಲಿಗೆ ತಲುಪುವುದಿಲ್ಲ. ಶೇಕರಿನ ಮೂರನೇ ಒಂದು ಭಾಗ ಖಾಲಿ ಬಿಡಿ. ಇಪ್ಪತ್ತು ಮೂವತ್ತು ಸೆಕೆಂಡ್ ಅಲ್ಲಾಡಿಸಿ, ಮೂರು ನಿಮಿಷ ಮೇಜಿನ ಮೇಲಿಡಿ. ನೊರೆ ಇಳಿಯುತ್ತದೆ. ನೊರೆಯ ಸಮೇತ ಕುಡಿದರೆ ಗಾಳಿಯನ್ನೂ ನುಂಗಿದಂತೆ, ಮತ್ತೆ ತೇಗು, ಉಬ್ಬರ. ಶೇಕರ್ ಇಲ್ಲದಿದ್ದರೆ ಮುಚ್ಚಳ ಬಿಗಿಯಾಗಿ ಕೂರುವ ಯಾವ ಬಾಟಲಿಯಾದರೂ ಸರಿ. ಮಜ್ಜಿಗೆ ಕಡೆಯುವ ಕಡಗೋಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದರೆ ಪುಡಿಯನ್ನು ಒಣ ಡಬ್ಬಿಯಲ್ಲಿ ಒಯ್ದು, ಕುಡಿಯುವ ಮುಂಚೆ ಕಲಸಿಕೊಳ್ಳಿ. ಕಲಸಿದ ಮೇಲೆ ಹೊರಗಿಟ್ಟರೆ ಎರಡು ಗಂಟೆಯೊಳಗೆ, ಫ್ರಿಜ್ಜಿನಲ್ಲಿಟ್ಟರೆ ಒಂದು ದಿನದೊಳಗೆ ಮುಗಿಸಬೇಕು.

ಶೇಕರ್ ತೊಳೆಯುವುದು

ಒಮ್ಮೆ ಸ್ಕೂಟರಿನ ಡಿಕ್ಕಿಯಲ್ಲಿ ಶೇಕರ್ ಮರೆತೆ. ಎರಡು ದಿನ. ಮೂರನೇ ದಿನ ಸಾಲಗಾಮೆ ರಸ್ತೆಯಲ್ಲಿ ತರಕಾರಿ ಇಡಲು ಸೀಟ್ ಎತ್ತಿದಾಗ ಪಕ್ಕದಲ್ಲಿ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ಕುಡಿದ ಕೂಡಲೇ ಮೊದಲು ತಣ್ಣೀರಿನಲ್ಲಿ ಜಾಲಿಸಿ. ನೇರವಾಗಿ ಬಿಸಿನೀರು ಹಾಕಿದರೆ ಉಳಿದ ಪ್ರೋಟೀನ್ ಗಟ್ಟಿಯಾಗಿ ಗೋಡೆಗೇ ಅಂಟುತ್ತದೆ. ಆಮೇಲೆ ಸೋಪು, ಬಿಸಿನೀರು. ವಾಸನೆ ಹಿಡಿದುಬಿಟ್ಟಿದ್ದರೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬೆಚ್ಚಗಿನ ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಮುಚ್ಚಳದ ಒಳಗೆ ಒಂದು ತೆಳು ರಬ್ಬರ್ ರಿಂಗ್ ಇರುತ್ತದೆ, ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಚಮಚದ ಹಿಡಿಯಿಂದ ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಆ ರಿಂಗನ್ನು ಬಿಸಾಡಿ. ತೊಳೆದ ಮೇಲೆ ಮುಚ್ಚಳ ಹಾಕದೆ ಬೋರಲು ಹಾಕಿ ಒಣಗಿಸಿ.